ಖೋ ಅಂದದ್ದಲ್ಲ, ಕೆಮ್ಮಿದ್ದು

ನಮ್ಮ ಕಡೆಯವರ ಪ್ರೀತಿ ಶುರುವಾಗುವುದೇ ‘ಕುಂದ್ರಿ’ ಎಂಬ ಮಾತಿನಿಂದ. ಬಂದವರು ಮದುವೆಗೆ ಕರೆಯಲು ಬಂದಿರಲಿ, ಜಗಳಕ್ಕೇ ಬಂದಿರಲಿ, ಮೊದಲು ಕೂರಿಸಬೇಕು; ನಿಂತ ಕಾಲ ಮೇಲೆ ಹೊರಟುಹೋದರೆ ನಮಗೆ ಅವಮಾನ. ಈ ವಿದ್ಯೆಯಲ್ಲಿ ನಾನು ಪಂಡಿತ. ರಾಣೆಬೆನ್ನೂರಿನಲ್ಲಿ ನನ್ನದೊಂದು ಬೀಜದ ಅಂಗಡಿ ಇದೆ. ಬೆಳಗ್ಗೆ ಗಾದಿಯ ಮೇಲೆ ಕುಳಿತರೆ ಏಳುವುದು ಊಟಕ್ಕೆ. ಮೇಲಿನ ಕಪಾಟಿನ ಸೌತೆ ಬೀಜ ಕೇಳಿದವರಿಗೆ ಈ ಸಲ ಹೀರೆ ಚಲೋ ಬರುತ್ತದೆ ಎಂದು ನಂಬಿಸಿ, ಕೈಗೆಟುಕಿದ್ದನ್ನು ಕೊಟ್ಟು ಕಳಿಸಿದ್ದೇನೆ. ಇಂಥವನ ಮಗಳಿಗೆ ಡಾಕ್ಟರು ‘ಓಡಬೇಕು’ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಗಳು ಮೇಘಾ, ಒಂಬತ್ತನೆಯ ತರಗತಿ. ಅವಳಿಗಿರುವುದು ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟುವಾಗಲೇ ಬಂದದ್ದು; ಶ್ವಾಸಕೋಶದಲ್ಲಿ ಕಫ ಅಂಟಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಈ ಹೆಸರು ನಾಲಗೆಗೆ ಹೊರಳದ ಬಂಧುಗಳು ‘ದಮ್ಮು’ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಅವಳು ನೀರು ತರಲು ಎದ್ದರೂ ನಾಲ್ಕು ಜನ ‘ನೀ ಕುಂದ್ರವಾ’ ಎನ್ನುತ್ತಾರೆ. ಹುಬ್ಬಳ್ಳಿಯ ಡಾಕ್ಟರಬಾಯಿ ಮಾತ್ರ ಬೇರೆ ತರಹ. ಔಷಧ, ಹಬೆಯ ಯಂತ್ರ, ಬೆನ್ನು ತಟ್ಟುವ ಕ್ರಮ ಎಲ್ಲ ಹೇಳಿಕೊಟ್ಟು, ಇವೆಲ್ಲದರ ಜೊತೆಗೆ ಹುಡುಗಿ ದಿನಾ ಓಡಲಿ, ಜಿಗಿಯಲಿ, ಕಫ ಸಡಿಲಾಗಿ ಹೊರಗೆ ಬರುತ್ತದೆ ಎಂದರು. ಅವಳಿಗೆ ಇಷ್ಟವಾದ ಆಟವೇ ಆಗಲಿ, ಆದರೆ ಇಂಥವರ ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ, ಉಪ್ಪು ಹಾಕಿದ ಮಜ್ಜಿಗೆ ಮರೆಯಬೇಡಿ ಎಂದೂ ಎಚ್ಚರಿಸಿದರು. ಮೇಘಾ ಅಲ್ಲೇ, ನನ್ನ ಮುಖವನ್ನೂ ನೋಡದೆ, ಖೋ ಖೋ ಎಂದಳು. ಡಾಕ್ಟರಬಾಯಿ ಒಂದು ಕ್ಷಣ ಕೆಮ್ಮೆಂದೇ ತಿಳಿದರು.

ಸುದ್ದಿ ಕೇಳಿ ಬ್ಯಾಡಗಿಯಿಂದ ನಮ್ಮಕ್ಕ ಶಾಂತಕ್ಕ ಬಂದಿಳಿದಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಕೆಮ್ಮದವರನ್ನೇ ಡಾಕ್ಟರಿಗೆ ತೋರಿಸಬೇಕು. ಆ ಘಾಟಿಗೆ ಹೆದರಿ ನಾವು ಮೇಘಾಳನ್ನು ಆಗ ಅಲ್ಲಿಗೆ ಕಳಿಸುವುದಿಲ್ಲ, ಅಕ್ಕನೇ ಬರುತ್ತಾಳೆ. ಅವಳು ಮಾತಿಗೆರಡು ಸಲ ಕೆಮ್ಮುತ್ತ, ಕೆಮ್ಮುವ ಹುಡುಗಿಯನ್ನು ಯಾರಾದರೂ ಬಯಲಿಗೆ ಬಿಡುತ್ತಾರೇನು ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಡಾಕ್ಟರಬಾಯಿಯ ಮಾತು ಹೇಳಬೇಕಿತ್ತು, ಹೇಳಲಿಲ್ಲ. ಖರೆ ಅಂದರೆ ನನಗೂ ಹೆದರಿಕೆ. ಓಡುವಾಗ ಅವಳ ಉಸಿರು ನಿಂತುಬಿಟ್ಟರೆ ಎಂಬ ಹೆದರಿಕೆಯನ್ನು ಹದಿನಾಲ್ಕು ವರ್ಷದಿಂದ ಸಾಕಿಕೊಂಡು ಬಂದಿದ್ದೇನೆ. ಹಾಗಾಗಿ ಯಾರಿಗೂ ತಿಳಿಯದಂತೆ ಶಾಲೆಗೆ ಹೋಗಿ, ಇವಳನ್ನು ಅಂಕ ಬರೆಯಲು ಕೂರಿಸಿ ಎಂದು ಪಿ.ಟಿ. ಮಾಸ್ತರಿಗೆ ಕೈಮುಗಿದು ಬಂದೆ. ಮಾಸ್ತರ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಮೇಘಾ ಮನೆಗೆ ಬಂದು ಚೀಲ ಕೆಳಗಿಟ್ಟಳು.

“ಅಪ್ಪಾ, ನಾ ಕುಂತ್ರ ಕಫಾನೂ ಕುಂದರತೈತಿ. ನಾ ಆಡಾಕಿನ. ನಿನಗ ಅಷ್ಟು ಹೆದರಿಕಿ ಆದ್ರ ನೀ ಕಣ್ಣು ಮುಚ್ಕೊಂಡು ಕುಂದ್ರು.”

ಹಾವೇರಿಯ ಮೈದಾನದಲ್ಲಿ ಅವಳ ಶಾಲೆಯ ತಂಡಕ್ಕೆ ಗುತ್ತಲದ ಹುಡುಗಿಯರ ಮೇಲೆ ಆಟ. ಅಟ್ಟಿಸುವವಳು ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದರೆ ಅವಳು ಎದ್ದು ಓಡಬೇಕು, ಇವಳು ಅವಳ ಜಾಗದಲ್ಲಿ ಕೂರಬೇಕು, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅಟ್ಟಿಸುತ್ತ ಬಂದ ಮೇಘಾ ಒಬ್ಬ ಗೆಳತಿಯ ಬೆನ್ನ ಹಿಂದೆ ಕೆಮ್ಮಿದಳು. ಆ ಪುಣ್ಯಾತ್ಗಿತ್ತಿ ಖೋ ಎಂದೇ ತಿಳಿದು ಎದ್ದು ಓಡಿದಳು. ಅಂಪೈರ್ ಸೀಟಿ ಊದಿ ತಪ್ಪು ಎಂದರು. ಬಯಲೆಲ್ಲ ನಕ್ಕಿತು. ಮಗಳನ್ನು ಮನೆಗೆ ಕರೆದುಕೊಂಡು ಹೋಗಿಬಿಡೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಅವಳು ತನ್ನವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಕೆಮ್ಮಿದ್ರ ಏಳಬ್ಯಾಡ್ರಿ. ಬೆನ್ನಿಗೆ ಏಟು ಬಿದ್ರಷ್ಟ ಏಳ್ರಿ.”

ನಮ್ಮವರು ಪಾಠ ಕಲಿತರು, ಗುತ್ತಲದವರು ಕಲಿಯಲಿಲ್ಲ. ಅವಳು ಕೆಮ್ಮಿದಾಗಲೆಲ್ಲ ಖೋ ಬಿತ್ತೆಂದು ತಿಳಿದು, ಇನ್ನು ಇವಳ ಕಾಟ ಮುಗಿಯಿತೆಂದು ಓಟ ನಿಧಾನ ಮಾಡುವರು. ಇವಳು ಅನಾಯಾಸವಾಗಿ ಮುಟ್ಟುವಳು. ಹೀಗೆ ಮೂವರು ಔಟಾದ ಮೇಲೆ ಅವರ ಮಾಸ್ತರು ತಕರಾರು ತೆಗೆದರು. ಅಂಪೈರ್ ತಲೆ ಕೆರೆದುಕೊಂಡು, ಆಡುವಾಗ ಕೆಮ್ಮಬಾರದೆಂಬ ನಿಯಮ ತಾನು ಓದಿದ ಪುಸ್ತಕದಲ್ಲಿಲ್ಲ ಎಂದರು. ಆ ಮೂರನೆಯ ಕೆಮ್ಮು ಖರೆಯೋ ನಾಟಕವೋ ನಾನು ಇವತ್ತಿಗೂ ಕೇಳಿಲ್ಲ. ಇಷ್ಟಾದರೂ ನಮ್ಮವರು ಒಂದು ಅಂಕದಿಂದ ಸೋತರು. ಮೇಘಾ ಬಯಲಿನ ಮೂಲೆಗೆ ಹೋಗಿ, ಮೊಣಕಾಲ ಮೇಲೆ ಕೈಯೂರಿ, ಮುಷ್ಟಿಯಷ್ಟು ಕಫ ಉಗುಳಿ, ಬಾಯಿ ತೊಳೆದು ಗಟಗಟ ಮಜ್ಜಿಗೆ ಕುಡಿದಳು. ದೇವರಾಣೆಗೂ ಹೇಳುತ್ತೇನೆ, ಆ ಕಫ ನೋಡಿ ನನಗಾದ ಸಂತೋಷ ಗೆದ್ದ ಗುತ್ತಲದವರಿಗೂ ಆಗಿರಲಿಕ್ಕಿಲ್ಲ.

ಆದರೆ ಸೋತ ಹುಡುಗಿಗೆ ಛಲ ಬಂದರೆ ಮನೆಯವರ ಗತಿ ಕೆಟ್ಟಂತೆ. ಮುಂದಿನ ವರ್ಷಕ್ಕೆ ಈಗಿನಿಂದಲೇ ತಾಲೀಮು ಬೇಕಂತೆ, ಅಟ್ಟಿಸಲು ಒಬ್ಬರು ಬೇಕಂತೆ. ಹಾಗಾಗಿ ದಿನಾ ಬೆಳಗ್ಗೆ ನಾನು ಮುಂದೆ, ಅವಳು ಹಿಂದೆ. ನಿನ್ನೆ ಓಣಿಯ ತಿರುವಿನಲ್ಲಿ ನಾನು ಕಂಬ ಹಿಡಿದು ನಿಂತದ್ದನ್ನು ಕಂಡ ಹಿರಿಯರೊಬ್ಬರು ಮೇಘಾಳನ್ನು ಹತ್ತಿರ ಕರೆದು, ಪಾಪ, ನಿಮ್ಮಪ್ಪನಿಗೆ ಏನು ಜಡ್ಡು ಎಂದು ಮೆಲ್ಲಗೆ ವಿಚಾರಿಸಿದರು.

“ಮೈಗಳ್ಳತನರೀ ಅಜ್ಜಾ. ಹುಟ್ಟಾ ಬಂದೈತಿ. ಗುಳಿಗಿಗೆ ಹೋಗಂಗಿಲ್ಲ, ದಿನಾ ಓಡಸಬೇಕು.”

ಅವರು ನನ್ನತ್ತ ನೋಡಿ ‘ಚ್ಚು ಚ್ಚು’ ಎಂದರು. ಅದು ಸುಳ್ಳು ಎಂದು ಹೇಳಬೇಕೆಂದುಕೊಂಡೆ. ಹೇಳಲು ನನ್ನಲ್ಲಿ ಉಸಿರಿರಲಿಲ್ಲ.