ಮಾವನ ಕತ್ತಿ, ಅಳಿಯನ ಕೆನ್ನೆ

ನನ್ನ ಕೈಗುಣದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದಿರುವುದರಿಂದ ಆ ಭಾರ ನನ್ನ ಮೇಲೇ ಬಿದ್ದಿದೆ. ಕಾಫಿ ಗಿಡದ ಕಸಿ, ಅಂದರೆ ಬೇಡದ ರೆಂಬೆ ತೆಗೆಯುವ ಕೆಲಸ, ಆಲ್ದೂರಿನ ಸುತ್ತಮುತ್ತ ನನ್ನಷ್ಟು ಚೊಕ್ಕವಾಗಿ ಮಾಡುವವರಿಲ್ಲ. ಹಾಗಿರುವಾಗ ನನ್ನದೇ ಗಡ್ಡ ಯಾವ ಲೆಕ್ಕ?

ಹೋದ ವರ್ಷ ತೀರಿಕೊಂಡ ನನ್ನ ಮಾವನವರದೊಂದು ಮಡಚುವ ಕ್ಷೌರದ ಕತ್ತಿ ಇತ್ತು. ಕೊಂಬಿನ ಹಿಡಿ, ಮುಖ ಕಾಣುವಂಥ ಅಲಗು. ಅದು ನನಗೆ ಬೇಕೆಂದು ನಾನು, ತನಗೆ ಬೇಕೆಂದು ನನ್ನ ಹೆಂಡತಿ ಯಶೋದಾಳ ತಮ್ಮ ಮಲ್ಲೇಶ. ಕೊನೆಗೆ ಅತ್ತೆ ಅಣ್ಣಮ್ಮನವರು ತೀರ್ಪು ಕೊಟ್ಟರು.

"ಮೊದ್ಲು ಅಳಿಯಂದ್ರು ತಗೊಂಡು ಹೋಗ್ಲಿ. ಮಲ್ಲೇಶನ ಮಗಳ ನಿಶ್ಚಿತಾರ್ಥಕ್ಕೆ ಅದ್ರಲ್ಲೇ ಗಡ್ಡ ತೆಗ್ದು ಬರ್ಲಿ. ಚೆನ್ನಾಗಿದ್ರೆ ಕತ್ತಿ ಅವ್ರದ್ದು, ಇಲ್ದಿದ್ರೆ ಮಲ್ಲೇಶಂದು."

ಆಗಲೇ ಅದು ನನ್ನದಾಯಿತೆಂದು ನಾನು ಲೆಕ್ಕ ಹಾಕಿದೆ. ಮನೆಗೆ ಬಂದವನೇ ಹಳೆಯ ಪ್ಲಾಸ್ಟಿಕ್ ರೇಜರುಗಳನ್ನೆಲ್ಲ ಬಚ್ಚಲ ಒಲೆಗೆ ಆಹುತಿ ಕೊಟ್ಟೆ. (ಆ ಹೊಗೆಗೆ ಯಶೋದಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.) ಹತ್ತು ದಿನ ಗಡ್ಡ ಬಿಟ್ಟುಕೊಂಡು, ಚಕ್ಕೋತ ಹಣ್ಣಿಗೆ ಸೋಪು ಹಚ್ಚಿ ಅಭ್ಯಾಸ ಮಾಡಿದೆ. ಒಂದು ಹಣ್ಣೂ ಅಯ್ಯೋ ಅನ್ನಲಿಲ್ಲ.

"ಕತ್ತಿ ಹಿಡಿಯೋದು ಹಂಗಲ್ಲ ಮಾರಾಯ್ರೆ," ಎಂದಳು ಯಶೋದಾ.

"ನಿಂಗೇನೇ ಗೊತ್ತು? ಇದು ಗಡ್ಡ ಇರೋರ ವಿಚಾರ."

"ಸರಿ ಹಂಗಾದ್ರೆ, ಗಡ್ಡ ಇರೋರೇ ನೋಡ್ಕೊಳ್ಳಿ."

ನಿಶ್ಚಿತಾರ್ಥದ ಬೆಳಿಗ್ಗೆ ಪಟ್ಟಾಭಿಷೇಕಕ್ಕೆ ಕೂತವನಂತೆ ಕನ್ನಡಿ ಮುಂದೆ ಕೂತೆ. ಇಲ್ಲೊಂದು ವೃತ್ತಿರಹಸ್ಯ ಹೇಳಬೇಕು. ಗಿಡ ಕಸಿ ಮಾಡುವಾಗ ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಇಲ್ಲದಿದ್ದರೆ ಸಿಪ್ಪೆ ಸೀಳುತ್ತದೆ. ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಗದ್ದದ ಅಡಿಗೆ ಹೋಯಿತು, ಒಂದೇ ಸಲಕ್ಕೆ ಮೇಲಕ್ಕೆ ಎಳೆಯಿತು. ನಾನು ಗಿಡವಾಗಿದ್ದರೆ ಆ ಕಸಿಗೆ ಬಹುಮಾನವೇ ಬರುತ್ತಿತ್ತು.

ನನ್ನ ಆರ್ತನಾದಕ್ಕೆ ಯಶೋದಾ ಓಡಿ ಬಂದು ಗಾಯಕ್ಕೆ ಕಾಫಿಪುಡಿ ಒತ್ತಿದಳು. (ನಮ್ಮ ತೋಟದ್ದೇ, ಚಿಕೋರಿ ಇಲ್ಲದ್ದು.) ರಕ್ತ ನಿಂತಿತು. ಗಡ್ಡ ಹಾಗೇ ಇತ್ತು. ಆಲ್ದೂರಿನ ಕ್ಷೌರದಂಗಡಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಕತ್ತಿ ಮಲ್ಲೇಶನ ಪಾಲಾಯಿತೆಂದು ನನಗೆ ಅಳುವೇ ಬಂತು.

ಯಶೋದಾ ನನ್ನ ಬೆಲ್ಟನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕತ್ತಿಯನ್ನು ಅದಕ್ಕೆ ನಾಲ್ಕು ಸಲ ಉಜ್ಜಿದಳು. "ಮೇಲೆ ನೋಡಿ. ಅಲ್ಲಾಡ್ಬೇಡಿ," ಎಂದು ಕೆನ್ನೆ ಎಳೆದು ಹಿಡಿದು ಸರಸರನೆ ಮೇಲಿನಿಂದ ಕೆಳಕ್ಕೆ ಇಳಿಸಿದಳು. ನೋವಿಲ್ಲ, ಉರಿಯಿಲ್ಲ.

"ಎಲ್ಲಿ ಕಲಿತೆ?"

"ಅಪ್ಪಂಗೆ ಕೈ ನಡುಗೋಕೆ ಶುರುವಾದ್ಮೇಲೆ ಮೂರು ವರ್ಷ ಪ್ರತಿ ಭಾನುವಾರ ಯಾರು ಮಾಡ್ತಿದ್ರು ಅಂದ್ಕೊಂಡ್ರಿ? ತವರಿಗೆ ಹರಟೆ ಹೊಡಿಯೋಕೆ ಹೋಗ್ತಾಳೆ ಅಂತ ಎಷ್ಟು ಕೂಗಾಡಿದ್ರಿ ನೀವು!"

ನನಗೆ ನಾಚಿಕೆಯಾಯಿತು. ಕತ್ತಿ ಕುತ್ತಿಗೆಯ ಮೇಲಿದ್ದುದರಿಂದ ವಾದಿಸಲೂ ಇಲ್ಲ.

"ಎಡಗಿವಿ ಕೆಳಗೆ ಒಂಚೂರು ಬಿಟ್ಟಿದ್ದೀಯಲ್ಲ?"

"ಅಪ್ಪಂಗೆ ಅಲ್ಲಿ ಕಚಗುಳಿ ಆಗ್ತಿತ್ತು. ಕೈ ಈಗ್ಲೂ ಅಲ್ಲೇ ನಿಲ್ತದೆ," ಎಂದು ಕತ್ತಿ ಮಡಚಿ ನನ್ನ ಕೈಗಿಟ್ಟಳು.

ಮೂಡಿಗೆರೆಯ ಮಲ್ಲೇಶನ ಮನೆ ತಲುಪಿ ಕಾರಿನಿಂದ ಇಳಿದವನೇ ಎಲ್ಲರಿಗೂ ಕಾಣುವಂತೆ ಕೆನ್ನೆ ಸವರಿಕೊಂಡೆ. ಮಲ್ಲೇಶನ ಮುಖ ಸಪ್ಪಗಾಯಿತು.

"ಭಾರಿ ನುಣ್ಣಗಿದೆಯಲ್ಲ ಭಾವ!"

ನಿಜ ಹೇಳುವ ಮನಸ್ಸಿತ್ತು. ಆದರೆ ಬೀಗರ ಕಡೆಯವರೆಲ್ಲ ನೋಡುತ್ತಿದ್ದರು. "ಕಸಿ ಮಾಡಿ ಪಳಗಿದ ಕೈ ಕಣೋ," ಎಂದುಬಿಟ್ಟೆ. ಯಶೋದಾ ನನ್ನ ಗದ್ದದ ಅಡಿಗೊಮ್ಮೆ ಕಣ್ಣು ಹಾಯಿಸಿ ನಕ್ಕಳು. ಅವಳು ಹಾಗೆ ನಕ್ಕಾಗ ಹೆದರಬೇಕೆಂದು ನನಗೆ ಗೊತ್ತಿರಬೇಕಿತ್ತು.

ಅತ್ತೆ ಹತ್ತಿರ ಬಂದು ನನ್ನ ಮುಖ ತಿರುಗಿಸಿ ನೋಡಿದರು. ಅವರ ಬೆರಳು ಎಡಗಿವಿಯ ಕೆಳಗೆ ನಿಂತಿತು. ಕಣ್ಣು ತುಂಬಿಕೊಂಡಿತು.

"ಕತ್ತಿ ಕೊಡಿ ಅಳಿಯಂದ್ರೇ."

ಕೊಟ್ಟೆ. ಅವರು ಅದನ್ನು ಮಗಳ ಅಂಗೈಯಲ್ಲಿಟ್ಟರು. "ನಿಮ್ಮಪ್ಪಂಗೂ ಹಿಂಗೇ ಒಂಚೂರು ಬಿಡ್ತಿದ್ದೆ ನೀನು. ಗಂಡಸ್ರ ಸಾಮಾನು ಅಂದ್ಕೊಂಡು ನಿನ್ನ ಕೇಳ್ಲೇ ಇಲ್ಲ ನೋಡು. ಇದು ನಿಂದು ಕಣೇ ಮಗಾ."

"ಹಂಗಾದ್ರೆ ಭಾವ," ಮಲ್ಲೇಶ ಹಲ್ಲು ಕಿರಿದ, "ಇದ್ರಲ್ಲಿ ನಿಮ್ದೇನಿದೆ?"

"ಕೆನ್ನೆ," ಎಂದೆ ತಲೆಯೆತ್ತಿ. "ಇಂಥ ಹೆಂಡತಿ ಕೈಯಲ್ಲಿ ಕ್ಷೌರ ಮಾಡಿಸ್ಕೊಂಡ ಕೆನ್ನೆ ಇಡೀ ಮೂಡಿಗೆರೇಲಿ ಇದೊಂದೇ!"

ತಲೆಯೆತ್ತಿದ ರಭಸಕ್ಕೆ ಗದ್ದದಡಿಯ ಕಾಫಿಪುಡಿ ಬಿಳಿ ಷರ್ಟಿನ ಮೇಲೆ ಉದುರಿತು. ಎಲ್ಲರೂ ಬಗ್ಗಿ ಗಾಯ ನೋಡಿದರು.

"ಅದೊಂದು ಮಾತ್ರ," ಎಂದಳು ಯಶೋದಾ, "ಅವ್ರೇ ಮಾಡ್ಕೊಂಡಿದ್ದು."