ಬಿಸಿಲಿಗಿಟ್ಟ ಟ್ಯಾಬು

ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಫಜೀತಿಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅವೇ ಖಜೂರಿ ಕಡೆಯಿಂದಲೋ ಅಫಜಲಪುರದ ಕಡೆಯಿಂದಲೋ ಬಸ್ಸು ಹತ್ತಿ ಬಂದು, ನನ್ನ ಅಂಗಡಿ ಯಾವುದೆಂದು ವಿಚಾರಿಸಿಕೊಂಡು ಒಳಗೆ ಬರುತ್ತವೆ. ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ಯಾವುದೆಂದು ನನಗೂ ಮರೆತುಹೋಗಿದೆ.

ಎತ್ತಿನ ಗಾಡಿಗೆ ವಿಮಾನದ ಇಂಜಿನ್

ನನ್ನ ಹೆಂಡತಿ ಸೀರೆಗೆ ಹೊಂದುವ ಜಂಪರ್ ಹೊಲಿಯುತ್ತಾಳೆ. ಅವಳ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. ಊರವರ ಫೋನೆಲ್ಲ ರಿಪೇರಿ ಮಾಡುವ ನನಗೆ ಅದೊಂದು ಮಾತ್ರ ಕಣ್ಣಿಗೇ ಬಿದ್ದಿರಲಿಲ್ಲ. ಅದೇ ಹೊತ್ತಿಗೆ ಅಫಜಲಪುರದ ಕಬ್ಬು ಬೆಳೆಯುವ ಒಂದು ದೊಡ್ಡ ಮನೆಯಿಂದ ಮದುವೆಯ ಕೆಲಸ ಬಂತು. ಹನ್ನೊಂದು ಜಂಪರು. ಸೀರೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಇವಳು ಬಣ್ಣ ಹೊಂದಿಸಿ ಬಟ್ಟೆ ತಂದು ಹೊಲಿಯಬೇಕು.

"ಇದು ಛಲೋ ಆದ್ರ ಅವರ ಬೀಗರೆಲ್ಲ ನನ್ನ ಮಷೀನಿಗೇ ಬರ್ತಾರ. ಕೆಟ್ಟರ ಸಾಯೋ ತನಕ ಸೀರಿಗೆ ಫಾಲ್ ಹಚ್ಕೋತ ಕೂಡ್ತೇನಿ," ಅಂದಳು.

ನಾನು ಜೇವರ್ಗಿಯ ಮಾವನವರ ಎದುರಿಗೇ ಘೋಷಿಸಿಬಿಟ್ಟೆ: "ಯುಗಾದಿಗೆ ಇಕಿಗಿ ದೊಡ್ಡ ಟ್ಯಾಬ್!"

ಟ್ಯಾಬಿನ ರೇಟು ವಿಚಾರಿಸಿದ ಮೇಲೆ ನನ್ನ ದನಿ ಇಳಿಯಿತು. ಆಗ ಸಿಕ್ಕಿದ್ದು ಒಂದು ಇ-ರೀಡರು. ಬರೀ ಪುಸ್ತಕ ಓದುವ ಅಗ್ಗದ ಯಂತ್ರ. ಕಾಗದದಂಥ ಪರದೆ, ಕಪ್ಪು ಬಿಳುಪು ಬಿಟ್ಟರೆ ಮೂರನೇ ಬಣ್ಣ ಗೊತ್ತಿಲ್ಲ. ಕ್ಯಾಮೆರಾ, ಸ್ಪೀಕರು, ಮೈಕು ಮೂರೂ ಇಲ್ಲ. ಮೂರು ದಿನ ಲ್ಯಾಪ್‌ಟಾಪಿಗೆ ಕಟ್ಟಿ ಕೂಡಿಸಿ, ಅದರ ಒಳಗಿನ ಬೀಗ ಮುರಿದು, ವಾಟ್ಸಾಪು, ಯೂಟ್ಯೂಬು, ಮ್ಯಾಪು ಎಲ್ಲ ತುಂಬಿದೆ.

ಎದುರಿನ ಚಹಾದಂಗಡಿ ಚಾಚಾ ಬಗ್ಗಿ ನೋಡಿದ. "ಕ್ಯಾ ಭಾಯ್, ಏನ್ ಮಾಡಾಕತ್ತೀರಿ?"

"ಎತ್ತಿನ ಗಾಡಿಗೆ ವಿಮಾನದ ಇಂಜಿನ್ ಹಚ್ಚಾಕತ್ತೇನಿ."

"ಹಾರ್ತದ?"

"ಹಾರ್ತದ ಚಾಚಾ."

ಅಷ್ಟರಲ್ಲಿ ನಾನು ಒತ್ತಿದ ಯೂಟ್ಯೂಬಿನಲ್ಲಿ ಒಬ್ಬಾಕೆ ಕುಣಿಯಲು ಕೈ ಎತ್ತಿದಳು. ಚಾಚಾ ಹೋಗಿ ಗಿರಾಕಿಗೆ ಚಹಾ ಕೊಟ್ಟು ಬಂದ. ಕೈ ಇನ್ನೂ ಇಳಿದಿರಲಿಲ್ಲ.

"ಭಾಯ್," ಅಂದ, "ಎತ್ತು ಬಿಚ್ಚಬ್ಯಾಡ್ರಿ."

ಎಂಟು ದಿನದ ಬಿಸಿಲು

ಯುಗಾದಿಯ ದಿನ ಅದನ್ನೇ ಟ್ಯಾಬು ಎಂದು ಹೆಂಡತಿಯ ಕೈಗೆ ಕೊಟ್ಟೆ. ತಿರುಗಿಸಿ, ಮುರುಗಿಸಿ ನೋಡಿದಳು.

"ಇದರಾಗ ಬಣ್ಣ ಎಲ್ಲಿ ಅದ್ರಿ?"

ಸುಳ್ಳು ಹುಡುಕಲು ನಾನು ಯಾವತ್ತೂ ತಡಕಾಡಿದವನಲ್ಲ. "ಹೊಸಾ ಮಾಲು. ಎಂಟು ದಿನ ಮುಂಜಾನಿ ಬಿಸಿಲಿಗಿಡು. ತಾನೇ ಬಣ್ಣ ಬರ್ತದ."

ಒಂದು ನಿಮಿಷ ನನ್ನ ಮುಖ ನೋಡಿದಳು. "ಹೌದೇನ್ರಿ?" ಅಂದು, ಮಾಳಿಗೆಗೆ ಒಯ್ದು ಸಂಡಿಗೆಯ ಪಕ್ಕ ಒಣಗಲು ಇಟ್ಟಳು. ಎಂಟು ದಿನದೊಳಗೆ ಏನಾದರೂ ದಾರಿ ಹೊಳೆಯುತ್ತದೆ ಎಂದು ನಾನೂ ಸುಮ್ಮನಾದೆ.

ಆದರೆ ಒಂದು ಮಾತು ನಾನು ಮರೆತಿದ್ದೆ. ಮೊಬೈಲಿನ ಪರದೆ ಬಿಸಿಲಲ್ಲಿ ಮಂಕಾಗುತ್ತದೆ, ಈ ಕಾಗದದ ಪರದೆ ಬಿಸಿಲು ಬಿದ್ದಷ್ಟೂ ನಿಚ್ಚಳ ಕಾಣುತ್ತದೆ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ನೆರೆಮನೆಯ ಆಪಾ, ಹೆಂಡತಿಯಿಂದ ಬಿಸಿಲಿನ ಮಾತು ಕೇಳಿ, ಇಣುಕಿ ಕೂಗಿದರು: "ಯಾ ಅಲ್ಲಾ! ಖರೇನ ಛಲೋ ಕಾಣಾಕತ್ತದಲ್ಲ!"

ನನ್ನ ಸುಳ್ಳಿಗೆ ಸೂರ್ಯನೇ ಸಾಕ್ಷಿ ಹೇಳಿದ್ದು ಅದೇ ಮೊದಲು.

ಮರುದಿನ ನೋಡಿದರೆ ಆಪಾ ಮಾಳಿಗೆಯ ಮೇಲೆ ತಮ್ಮ ನಿಕಾಹದ ಹಳೇ ಆಲ್ಬಮ್ ಬಿಚ್ಚಿಟ್ಟಿದ್ದರು. ಕಪ್ಪು ಬಿಳುಪಿನದು.

"ಮುವ್ವತ್ತೈದು ವರ್ಷ ಆತು ಭಾಯ್," ಅಂದರು, "ಇದಕ್ಕ ಎಂಟು ದಿನ ಸಾಕಾಗ್ತದೋ, ಹದಿನೈದು ಬೇಕೋ?"

ಶುಂಠಿ ಕಷಾಯ

ಟ್ಯಾಬಿಗೆ ಬಾಯಿ ಕಿವಿ ಎರಡೂ ಇರಲಿಲ್ಲವಲ್ಲ, ಅಂಗಡಿಯಲ್ಲಿ ಹಾಡು ಹಾಕುವ ಬ್ಲೂಟೂತ್ ಸ್ಪೀಕರಿಗೆ ಅದನ್ನು ಜೋಡಿಸಿದ್ದೆ. ಅದರಲ್ಲೇ ಮೈಕೂ ಇತ್ತು. ಸ್ಪೀಕರು ಒಳಗೆ ಒಯ್ದಿಡಲು ಮಾತ್ರ ಮರೆತೆ.

ಒಂದು ಮಧ್ಯಾಹ್ನ ಜೇವರ್ಗಿಯಿಂದ ಮಾವನವರು ವಾಟ್ಸಾಪಿನಲ್ಲಿ ಕರೆ ಮಾಡಿದರು. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಟ್ಯಾಬು ಒತ್ತಿದಳು. ಹೊರಗೆ ಅಂಗಡಿಯಲ್ಲಿ, ನಾಲ್ಕು ಗಿರಾಕಿಗಳ ನಡುವೆ, ಮಾವನವರ ದನಿ ಮೊಳಗಿತು.

"ಅವ್ವಾ, ನಿನ ಗಂಡ ಖರೇನ ಟ್ಯಾಬ್ ಕೊಡ್ಸಿದನೋ, ಬರೇ ಬಾಯಿಲೇ ಕೊಡ್ಸಿದನೋ?"

ನನ್ನ ಕೈಯಲ್ಲಿ ಬಿಚ್ಚಿದ ಫೋನು, ಬಾಯಲ್ಲಿ ಸ್ಕ್ರೂ. ಚಹಾ ಕೊಡಲು ಬಂದಿದ್ದ ಚಾಚಾ ಸ್ಪೀಕರಿನ ಹತ್ತಿರ ಬಗ್ಗಿ, ದನಿ ಸಣ್ಣ ಮಾಡಿ, "ಕೊಡ್ಸ್ಯಾರಪ್ಪಾ," ಅಂದ.

"ಯಾಕವ್ವ, ದನಿ ಹಿಂಗ್ಯಾಕಾಗ್ಯದ? ನೆಗಡಿ ಬಂದದೇನು?"

"ಹೂಂನಪ್ಪಾ. ಬಿಸಲಾಗ ಕುಂತಿದ್ದೆ."

"ಶುಂಠಿ ಕಷಾಯ ಕುಡಿ. ಅಂವಗೂ ಒಂದು ವಾಟಗ ಕುಡಸು. ಸುಳ್ಳ ಹೇಳೋದು ಕಮ್ಮಿ ಆಗ್ತದೇನ ನೋಡೂಣು."

ಒಳಗಿಂದ ಹೆಂಡತಿ ಟ್ಯಾಬಿಗೆ ಬಾಯಿ ಹಚ್ಚಿ "ಅಪ್ಪಾ! ಅಪ್ಪಾ!" ಅಂತ ಒದರುತ್ತಿದ್ದಳು. ಮೈಕು ಅಂಗಡಿಯಲ್ಲಿತ್ತು, ಮಾವನವರಿಗೆ ಕೇಳಲಿಲ್ಲ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡಿದ್ದರು.

ಅವತ್ತಿನಿಂದ, "ನಿಮ್ಮ ಫೋನು ನಾಳೆ ಆಗ್ತದ್ರಿ" ಎಂದು ನಾನು ಯಾರಿಗೇ ಹೇಳಲಿ, "ಕಷಾಯ ಕುಡುದು ಹೇಳ್ರಿ" ಅನ್ನುತ್ತಾರೆ.

ಗಿಳಿ ಹಸಿರು

ಎಂಟನೆಯ ದಿನ ಬಂತು, ಅಫಜಲಪುರದ ಫೋಟೋಗಳೂ ಬಂದವು. ಗುಟ್ಟಾಗಿ ನನ್ನ ಫೋನಿಗೆ ಕಳಿಸಿಕೊಂಡು ಬಣ್ಣ ನೋಡೋಣವೆಂದರೆ, "ಹೆಣ್ಮಕ್ಕಳು ಉಟ್ಕೊಂಡು ತೆಗೆಸ್ಯಾರ, ನಿಮಗೇನು ಕೆಲಸ?" ಎಂದು ಟ್ಯಾಬನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಬೂದಿ ಬಣ್ಣದ ಹನ್ನೊಂದು ಸೀರೆ ನೋಡಿ ಇವಳು ಏನು ಬಟ್ಟೆ ತಂದಾಳು? ಇವತ್ತು ತಪ್ಪೊಪ್ಪಿಕೊಳ್ಳಲೇಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಮಾಳಿಗೆಯಿಂದ ಕುಣಿಯುತ್ತ ಇಳಿದಳು.

"ರೀ, ಬಣ್ಣ ಬಂತ್ರಿ! ನೀವಂದಂಗೇ ಆತು! ನೋಡ್ರಿ, ಎಂಥಾ ಗಿಳಿ ಹಸಿರು!"

ದೂರದಿಂದಲೇ ಟ್ಯಾಬಿನಲ್ಲಿ ಒಂದು ಸೀರೆಯ ಸೆರಗು ತೋರಿಸಿದಳು. ನೋಡಿದೆ. ಒಲೆಯ ಬೂದಿ. ಹಿಂದೆ ಆಪಾ ನಿಂತಿದ್ದರು. "ಹೌದು ಭಾಯ್, ಏಕದಮ್ ಗಿಳಿ!" ಚಾಚಾನೂ ಬಂದ. "ಬಾಜೂದ್ದು ಕುಂಕುಮ ಕೆಂಪು."

ಬಂದಿಲ್ಲ ಅಂದರೆ ನನ್ನ ಸುಳ್ಳು ಬಯಲು. ಬಂದಿದೆ ಅಂದರೆ ಹನ್ನೊಂದು ಜಂಪರು ಹಾಳು, ಹೆಂಡತಿಯ ಹೆಸರು ಹಾಳು.

"ಬಂದದಲ್ಲ," ಅಂದೆ. "ನಾ ಹೇಳಿರಲಿಲ್ಲ?"

ಆಮೇಲೆ ಗಿರಾಕಿ ಇಲ್ಲದಾಗ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬಣ್ಣ ಎಣಿಸಿಕೊಂಡೆ. ಎಲ್ಲವೂ ಇದ್ದವು.

ಹನ್ನೊಂದು ತುಂಡು

ಜಂಪರು ಮುಟ್ಟಿಸಲು ಅಫಜಲಪುರಕ್ಕೆ ಇಬ್ಬರೂ ಹೋದೆವು. ಬಸ್ಸಿನಲ್ಲಿ ಆ ಚೀಲ ನನ್ನ ತೊಡೆಯ ಮೇಲಿತ್ತು. ತೆರೆದು ನೋಡುವ ಧೈರ್ಯ ಆಗಲಿಲ್ಲ. ದಾರಿಯುದ್ದಕ್ಕೂ ಒಂಬತ್ತು ಸುಳ್ಳು ತಯಾರು ಮಾಡಿದೆ. ಒಂದೂ ಆ ಮನೆಯ ಬಾಗಿಲು ದಾಟುವಂತಿರಲಿಲ್ಲ.

ಪಡಸಾಲೆಯಲ್ಲಿ ಹೆಂಗಸರು ಸೀರೆ ಹರವಿದರು. ಹೆಂಡತಿ ಒಂದೊಂದೇ ಜಂಪರು ತೆಗೆದು ಸೀರೆಯ ಮೇಲಿಟ್ಟಳು. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು. ಹನ್ನೊಂದೂ ಕೂಡಿದವು. ಮನೆಯ ಯಜಮಾನತಿ ಸೆರಗು ಎತ್ತಿ ಬೆಳಕಿಗೆ ಹಿಡಿದು, "ಬಣ್ಣ ಹ್ಯಾಂಗ ಹೊಂದಿಸ್ದಿ ತಂಗಿ?" ಎಂದರು.

"ನಮ್ಮ ಮನ್ಯಾರು ಕೊಡ್ಸಿದ ಟ್ಯಾಬಿನಾಗ್ರಿ," ಅಂದಳು ಹೆಂಡತಿ, ನನ್ನ ಕಡೆ ನೋಡದೆ.

ಹೊರಡುವಷ್ಟರಲ್ಲಿ ಬೀಗರ ಮನೆಯವರೂ ಅಳತೆ ಕೊಟ್ಟಿದ್ದರು. ವಾಪಸು ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. "ನಿನಗ ಯಾವಾಗ ಗೊತ್ತಾತು?"

"ಯುಗಾದಿ ದಿನಾನೇ. ಡಬ್ಬಿ ಮ್ಯಾಲ ಪುಸ್ತಕದ ಚಿತ್ರ ಇತ್ತು. ಅದನ್ನ ಕಸದ ಬುಟ್ಟ್ಯಾಗ ಮುಚ್ಚಿಟ್ರಿ. ಮನ್ಯಾಗ ಕಸ ಚೆಲ್ಲೋರು ಯಾರು?"

"ಮತ್ತ ಬಣ್ಣ?"

"ಆಪಾನ ಸೊಸಿ ಫೋನಿನಾಗ ನೋಡೇನಿ."

"ಹಂಗಾದ್ರ ಆಪಾ ಆಲ್ಬಮ್ ಬಿಸಿಲಿಗಿಟ್ಟಿದ್ದೂ ನಾಟಕ?"

"ಅದು ಖರೇ. ಆಪಾಗ ನಾ ಹೇಳಿದ್ದು ಆಮ್ಯಾಲ."

ಟ್ಯಾಬು ಈಗ ಜೇವರ್ಗಿಯಲ್ಲಿದೆ. ಮಾವನವರು ಅಂಗಳದ ಬಿಸಿಲಲ್ಲಿ ಕುಳಿತು ಅದರಲ್ಲಿ ವಚನ ಓದುತ್ತಾರೆ. ಅಳಿಯ ಜನ್ಮದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅನ್ನುತ್ತಾರಂತೆ.

ಮುಂದಿನ ವಾರ ಹೆಂಡತಿ ಒಂದು ಗಂಟು ತಂದು ನನ್ನ ಮುಂದಿಟ್ಟಳು. "ನೀವು ಕೊಡ್ಸಿದ್ದಕ್ಕ ನಂದೊಂದು ಆಹೇರಿ." ಬಿಚ್ಚಿದರೆ ಅಂಗಿ. ಹನ್ನೊಂದು ಜಂಪರಿನ ಉಳಿದ ತುಂಡುಗಳಿಂದ ಹೊಲಿದದ್ದು. ಕಾಲರು ಗಿಳಿ ಹಸಿರು, ಒಂದು ತೋಳು ಕುಂಕುಮ ಕೆಂಪು, ಇನ್ನೊಂದು ನವಿಲು ನೀಲಿ, ಕಿಸೆ ಅರಿಶಿಣ.

"ಇದನ್ನ ಹಾಕ್ಕೊಂಡು ಬಜಾರಕ್ಕ ಹ್ಯಾಂಗ ಹೋಗ್ಲೇ?"

"ಹೊಸಾ ಮಾಲು ರೀ," ಅಂದಳು. "ತೊಟ್ಕೊಂಡು ಎಂಟು ದಿನ ಮುಂಜಾನಿ ಬಿಸಿಲಿಗೆ ನಿಂದರ್ರಿ. ತಾನೇ ಒಂದ ಬಣ್ಣ ಆಗ್ತದ."

ಇವತ್ತು ಏಳನೆಯ ದಿನ. ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ನಿಂತೇ ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಚಾಚಾ ಗಿರಾಕಿಗಳನ್ನು ಕರೆದು ತಂದು ತೋರಿಸುತ್ತಿದ್ದಾನೆ. ಆಪಾ ಮಾತ್ರ ನಗದೆ, ಪಕ್ಕದ ಮಾಳಿಗೆಯಿಂದ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಹೇಳಿದರು:

"ಆ ಕಡೆ ತಿರುಗ್ರಿ ಭಾಯ್. ಬೆನ್ನು ಇನ್ನ ಹಸೀನೇ ಅದ."