ನಮ್ಮ ವಂಶದ ಕುದುರೆ

'ಎಲ್ಲ ಬಗೆಯ ಕಲೆಗಳನ್ನು ತೆಗೆಯಲಾಗುವುದು' ಎಂದು ನನ್ನ ಲಾಂಡ್ರಿಯ ಬೋರ್ಡಿನ ಮೇಲೆ ಬರೆದಿದೆ. ಇಪ್ಪತ್ತೆರಡು ವರ್ಷಗಳಿಂದ ಜನರ ಅಂಗಿ, ಕೋಟು, ಪರದೆಗಳಿಂದ ಶಾಯಿ, ಕಾಫಿ, ಗ್ರೀಸಿನ ಕಲೆಗಳನ್ನು ತೆಗೆಯುತ್ತ ಬಂದಿದ್ದೇನೆ. ಆದರೆ ಯಾವ ಸೋಪಿಗೂ ಜಗ್ಗದ ಒಂದು ಕಲೆ ನಮ್ಮ ವಂಶದಲ್ಲಿದೆ, ಅದು ಚಿತ್ರಕಲೆ ಎಂದು ಗಿರಾಕಿಗಳಿಗೆ ಹೇಳುವುದುಂಟು. ಅವರು ನಗುತ್ತಾರೆ. (ಬಟ್ಟೆ ನಿಮ್ಮ ಕೈಯಲ್ಲಿರುವಾಗ ನಗದೆ ಏನು ಮಾಡುತ್ತಾರೆ ಎಂಬುದು ನನ್ನ ಹೆಂಡತಿಯ ವ್ಯಾಖ್ಯಾನ.)

ಈ ಮಾತಿಗೆ ಸಾಕ್ಷಿ ನಮ್ಮ ಹಾಲಿನ ಗೋಡೆಯ ಮೇಲಿತ್ತು. ನನ್ನ ತಾತ ಇದ್ದಿಲಿನಲ್ಲಿ ಬರೆದ ಕುದುರೆ. ಮುಂಗಾಲೆತ್ತಿ, ಕತ್ತಿನ ಕೂದಲು ಹಾರಿಸಿಕೊಂಡು, ಇನ್ನೇನು ಗಾಜು ಒಡೆದು ಸೋಫಾದ ಮೇಲೆ ಹಾರುತ್ತದೆ ಅನ್ನಿಸಬೇಕು, ಹಾಗಿತ್ತು. ತಾತ ಯಾರ ಬಳಿಯೂ ಒಂದು ಗೆರೆ ಕಲಿತವರಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ಇದ್ದಿಲು ಹಿಡಿದು ಒಂದೇ ಉಸಿರಿಗೆ ಬರೆದು ಎದ್ದರು ಎಂಬುದು ಮನೆಯ ಇತಿಹಾಸ. ಆ ರಕ್ತ ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಹರಿದು ಬಂದಿದೆ. ಅಪ್ಪನಲ್ಲಿ ಅದು ಸುಮ್ಮನೆ ಹರಿದು ಹೋಯಿತು, ಅವರು ಒಂದು ಚಿತ್ರವನ್ನೂ ಬರೆಯಲಿಲ್ಲ. ನನ್ನಲ್ಲಿ ಶೇಖರವಾಗಿದೆ ಎಂದು ನಂಬಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಶುರು ಮಾಡಿದಳು.

"ರೀ, ಪಕ್ಕದ ಬೀದೀಲಿ ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು ಇದಾರಲ್ಲ, ಸಂಜೆ ಪಾಠ ಹೇಳ್ತಾರಂತೆ. ನಾನು ಸೇರ್ಕೋತೀನಿ."

"ಚಿತ್ರ ಕಲಿತು ಬರೋದಲ್ಲ ಕಣೇ. ಅದು ರಕ್ತದಲ್ಲಿರಬೇಕು."

"ನಂಗೂ ರಕ್ತ ಇದೆ."

"ನಿಮ್ಮ ಕಡೆಯವರ ರಕ್ತದಲ್ಲಿ ಸಕ್ಕರೆ ಬಿಟ್ಟು ಬೇರೆ ಏನೂ ಇಲ್ಲ."

ಜೋಕು ಚೆನ್ನಾಗಿತ್ತು. ಆದರೆ ಅವಳು ನಗಲಿಲ್ಲ. ಹುಡುಗಿಯಾಗಿದ್ದಾಗ ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ಹಕ್ಕಿ ಬರೆಯುತ್ತಿದ್ದಳಂತೆ. ಪುಸ್ತಕ ಹಾಳು ಮಾಡುತ್ತಾಳೆ ಎಂದು ಅವಳಪ್ಪ ಪೆನ್ಸಿಲ್ ಕಿತ್ತಿಟ್ಟಿದ್ದರಂತೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಈ ವಿಷಯ ಅವತ್ತು ತಿಳಿಯಿತು.

"ನಂಗೆ ನಲವತ್ತೆಂಟಾಯ್ತು. ಈಗ ಬಿಟ್ರೆ ಇನ್ಯಾವಾಗ ಕಲೀಲಿ?" ಎಂದಳು. ಆಮೇಲೆ ಗೋಡೆಯ ಕುದುರೆಯನ್ನು ನೋಡಿದಳು. "ಸರಿ, ಮೂರು ತಿಂಗಳು. ನಾನು ಕಲ್ತು ಒಂದು ಕುದುರೆ ಬರೀತೀನಿ. ನೀವು ಕಲೀದೇ ಬರೀರಿ. ನಂದು ಚೆನ್ನಾಗಿದ್ರೆ ಆ ಗೋಡೆ ನಂದು, ತಾತನ ಕುದುರೆ ಇಳೀಬೇಕು."

"ನಂದು ಚೆನ್ನಾಗಿದ್ರೆ?"

"ಇನ್ನು ಪೆನ್ಸಿಲ್ ಮುಟ್ಟೋದಿಲ್ಲ."

ತೀರ್ಪುಗಾರ್ತಿಯಾಗಿ ನನ್ನ ಅಮ್ಮನನ್ನೇ ಒಪ್ಪಿದಳು. ಅಮ್ಮ ತಾತನ ಸೊಸೆ, ಹೆತ್ತಿದ್ದು ನನ್ನನ್ನು. ಅರ್ಧ ಗೆದ್ದ ಹಾಗೆಯೇ ಎಂದುಕೊಂಡೆ. ಅಮ್ಮ ಏನೋ ಹೇಳಲು ಬಾಯಿ ತೆರೆದು, ಹಲ್ಲುಸೆಟ್ಟು ಸರಿಮಾಡಿಕೊಂಡು ಒಳಗೆ ಹೋದಳು.

ಮೊದಲ ತಿಂಗಳು ಹೆಂಡತಿ ಬರೆದದ್ದು ಬರೀ ಮೊಟ್ಟೆ. ಎರಡನೆಯ ತಿಂಗಳು ಬಾಗಿಲ ಚಿಲಕ, ಹ್ಯಾಂಗರಿಗೆ ಹಾಕಿದ ಅಂಗಿ, ಮಲಗಿದ್ದ ನನ್ನ ಎಡಪಾದ. (ಪಾದ ನನ್ನದೇ ಎಂದು ಅಮ್ಮ ನೋಡಿದ ತಕ್ಷಣ ಗುರುತಿಸಿದಳು. ನನಗೆ ಯಾಕೋ ಹಿಡಿಸಲಿಲ್ಲ.) ಪ್ರತಿ ವಾರ ಅವಳ ಬಟ್ಟೆಗೆ ಮೆತ್ತಿದ ಇದ್ದಿಲನ್ನು ನಾನೇ ಉಜ್ಜಿ ತೆಗೆಯಬೇಕಿತ್ತು. ಅವಳ ಕಲೆ ನನ್ನ ಕೈಯಲ್ಲಿ ಹೋಗುತ್ತಿತ್ತು, ಮರುವಾರ ಇನ್ನಷ್ಟು ಹೆಚ್ಚಾಗಿ ಬರುತ್ತಿತ್ತು.

ನಾನು ಮಾತ್ರ ಪೆನ್ಸಿಲ್ ಮುಟ್ಟಲಿಲ್ಲ. ಅಭ್ಯಾಸ ಮಾಡಿದರೆ ಪ್ರತಿಭೆ ಸವೆಯುತ್ತದೆ ಎಂಬುದು ನನ್ನ ಸಿದ್ಧಾಂತ. ದಿನಾ ಊಟ ಮುಗಿಸಿ, ಕೈ ತೊಳೆದು, ತಾತನ ಹಾಗೆ ಕುರ್ಚಿಯಲ್ಲಿ ಕೂತು ರಕ್ತ ಎಚ್ಚರಗೊಳ್ಳಲಿ ಎಂದು ಕಾಯುತ್ತಿದ್ದೆ. ರಕ್ತಕ್ಕಿಂತ ಮೊದಲು ನಿದ್ದೆ ಬರುತ್ತಿತ್ತು.

ಗಡುವಿನ ಭಾನುವಾರ ಬಂತು. ನಿಷ್ಪಕ್ಷಪಾತಕ್ಕೆ ಇರಲಿ ಎಂದು ಲಾಂಡ್ರಿಯ ಎದುರಿನ ಫ್ರೇಮ್ ಅಂಗಡಿಯವರನ್ನೂ ನಾನೇ ಕರೆಸಿದೆ. ಆಮೇಲೆ ಇದ್ದಿಲು ಹಿಡಿದು ಒಂದೇ ಉಸಿರಿಗೆ ಕುದುರೆ ಬರೆದೆ. ಬರೆಯುವಾಗ ತೋಳಿನಲ್ಲಿ ಏನೋ ಜುಮ್ಮೆಂದಿತು. ತಾತ ಬಂದರು ಎಂದುಕೊಂಡೆ.

ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ನಾಯೀನ ಸ್ಟೂಲಿನ ಮೇಲೆ ಯಾಕೋ ಕೂರಿಸಿದೀಯ?"

"ಅಮ್ಮಾ, ಅದು ಸ್ಟೂಲಲ್ಲ. ಕುದುರೆ ಕಾಲು."

ಹೆಂಡತಿ ತನ್ನ ಹಾಳೆ ತಿರುಗಿಸಿದಳು. ಬಕೆಟ್ಟಿಗೆ ಬಾಯಿ ಹಾಕಿ ನಿಂತ ಗಾಡಿ ಕುದುರೆ. ಒಂದು ಹಿಂಗಾಲನ್ನು ಸಡಿಲ ಬಿಟ್ಟಿತ್ತು. ದಿನವಿಡೀ ಎಳೆದ ಸುಸ್ತು ಅದರ ಬೆನ್ನಿನಲ್ಲೇ ಕಾಣುತ್ತಿತ್ತು. ಫ್ರೇಮಿನವರು "ಹಾ" ಎಂದು ಮುಂದಕ್ಕೆ ಬಾಗಿದರು. ಅಮ್ಮ ಸೊಸೆಯ ಹಾಳೆಯತ್ತಲೇ ಬೆರಳು ತೋರಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ.

ಸೋಲು ಒಪ್ಪಿಕೊಂಡಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ನಾನು ಎದ್ದು ನಿಂತು, "ಹೀಗೆ ತೀರ್ಪು ಹೇಳೋದು ಸರಿಯಲ್ಲ. ತಾತನ ಚಿತ್ರ ಗಾಜಿಂದ ಹೊರಗೆ ತೆಗೀರಿ, ನನ್ನದರ ಪಕ್ಕ ಇಡಿ. ಗೆರೆಗೆ ಗೆರೆ ಹೋಲಿಸಿ. ರಕ್ತ ತಾನಾಗೇ ಮಾತಾಡುತ್ತೆ" ಎಂದು ಘೋಷಿಸಿದೆ.

"ಬೇಡ ಕಣೋ," ಎಂದಳು ಅಮ್ಮ.

"ತೆಗೀರಿ ಸಾರ್," ಎಂದೆ ನಾನು.

ಫ್ರೇಮಿನವರು ಮೊಳೆ ಕಿತ್ತು ಹಿಂದಿನ ರಟ್ಟು ಎಬ್ಬಿಸಿದರು. ಒಳಗಿಂದ ಹಾಳೆಗಳು ದಬದಬ ನನ್ನ ಚಿತ್ರದ ಮೇಲೆಯೇ ಬಿದ್ದವು. ಮೂವತ್ತೊಂದು ಹಾಳೆ, ಎಲ್ಲವೂ ತಾತನ ಕುದುರೆಗಳು. ಪ್ರತಿಯೊಂದಕ್ಕೂ ನಂಬರು, ಪ್ರತಿಯೊಂದರ ಮೂಲೆಯಲ್ಲೂ ಕೆಂಪು ಪೆನ್ಸಿಲಿನ ಷರಾ. 'ಇದು ನಾಯಿ. ಮತ್ತೆ ಬರೆಯಿರಿ.' 'ಕಾಲು ಸ್ಟೂಲಿನದು. ಮತ್ತೆ ಬರೆಯಿರಿ.' ಮೂವತ್ತೊಂದನೆಯದರ ಹಿಂದೆ, ಅದೇ ಕೈಬರಹದಲ್ಲಿ: 'ಮೂವತ್ತೆರಡನೆಯದು ಪರವಾಗಿಲ್ಲ. ಅದೊಂದನ್ನೇ ಜನರಿಗೆ ತೋರಿಸಿ.'

"ಮೇಷ್ಟ್ರು ಶಿಷ್ಯನಿಗೆ 'ಬರಿ' ಅಂತಾರೆ," ಎಂದಳು ಹೆಂಡತಿ ನಿಧಾನವಾಗಿ. "ಇಷ್ಟು ಮರ್ಯಾದೆ ಕೊಟ್ಟು ಬೈಯೋರು ಯಾರು?"

"ನಮ್ಮತ್ತೆ," ಎಂದಳು ಅಮ್ಮ. "ಮದುವೆಗೆ ಮುಂಚೆ ಕಲ್ತಿದ್ರು. ಮಾವನಿಗೆ ಅವರೇ ಕಲ್ಸಿದ್ದು. ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಮಾತು ತಗೊಂಡಿದ್ರು. ನಾನು ಹೇಳಿಲ್ಲ. ತೆಗೆಸಿದ್ದು ನೀನೇ."

ಫ್ರೇಮಿನವರು ಹಾಳೆಗಳನ್ನು ಜೋಡಿಸುತ್ತ, "ಇದರಲ್ಲಿ ನಿಮ್ಮದು ಯಾವುದು ಸಾರ್?" ಎಂದು ಕೇಳಿದರು. ನನ್ನ ಕುದುರೆ ನನಗೆ ಗೊತ್ತಿಲ್ಲವೇ? ತಟ್ಟನೆ ತೋರಿಸಿದೆ. ಅದರ ಮೂಲೆಯಲ್ಲಿ 'ಇದು ನಾಯಿ' ಎಂದು ಕೆಂಪಕ್ಷರದಲ್ಲಿತ್ತು. ತಾತನ ಒಂದನೇ ನಂಬರು. ಪಕ್ಕದಲ್ಲಿಟ್ಟರೆ ಬಾಲವೂ ಅದೇ, ಸ್ಟೂಲೂ ಅದೇ.

"ನೋಡಿದ್ರಾ? ನಾನು ಹೇಳಿರಲಿಲ್ವಾ? ರಕ್ತ!" ಎಂದು ಕೂಗಿದೆ.

"ಹೌದು ರೀ, ಒಪ್ಪಿದೆ," ಎಂದಳು ಹೆಂಡತಿ. "ಬರದೇ ಇರೋದು ರಕ್ತದಲ್ಲೇ ಬಂದಿದೆ. ಬರೋದನ್ನ ಕಲೀಬೇಕಷ್ಟೆ."

ಗೋಡೆಗೆ ಮೊಳೆ ಹೊಡೆದದ್ದು ನಾನೇ. ಗಾಡಿ ಕುದುರೆ ಮೇಲೇರಿತು. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡುತ್ತಲೇ ನಿಂತಳು. ಕಣ್ಣು ತುಂಬಿತ್ತು. ನನಗೆ ಹೊಟ್ಟೆಕಿಚ್ಚು ಇನ್ನೂ ಸ್ವಲ್ಪ ಇತ್ತು, ಆದರೆ ಹೆಮ್ಮೆ ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಮೊನ್ನೆ ಒಬ್ಬ ಗಿರಾಕಿ ಕೋಟು ತಂದು "ಕಲೆ ಹೋಗುತ್ತಾ?" ಎಂದು ಕೇಳಿದರು. ಹೋಗೋದು ಸುಲಭ ಸಾರ್, ಬರೋದೇ ಕಷ್ಟ ಎಂದೆ.

ಈಗ ನಾನೂ ಕಲಿಯುತ್ತಿದ್ದೇನೆ. ಮೇಷ್ಟ್ರ ಹತ್ತಿರ ಅಲ್ಲ, ಮನೆಯಲ್ಲೇ. ಹೆಂಡತಿ ಕೆಂಪು ಪೆನ್ಸಿಲ್ ತರಿಸಿಕೊಂಡಿದ್ದಾಳೆ. ನಿನ್ನೆ ನನ್ನ ಹತ್ತೊಂಬತ್ತನೆಯ ಕುದುರೆಯ ಮೂಲೆಯಲ್ಲಿ 'ಇದು ಕತ್ತೆ. ಮತ್ತೆ ಬರೆಯಿರಿ' ಎಂದು ಬರೆದಳು. ನಾನು ಓಡಿಹೋಗಿ ತಾತನ ಹಾಳೆಗಳ ಕಟ್ಟು ಬಿಚ್ಚಿ ನೋಡಿದೆ. ತಾತನ ಹತ್ತೊಂಬತ್ತನೆಯದು ಇನ್ನೂ ಮೇಕೆ. ಈ ವಂಶದಲ್ಲಿ ಇಷ್ಟು ಬೇಗ ಯಾರೂ ಮುಂದೆ ಬಂದಿರಲಿಲ್ಲ. ಎದೆಯುಬ್ಬಿಸಿ ಅಮ್ಮನಿಗೂ ಹೇಳಿ ಬಂದೆ: ನಾನು ಆಗಲೇ ಕತ್ತೆಯಾಗಿದ್ದೇನೆ.